‘ಕೋಚ್ ಇಲ್ಲೇ ಇರಲಿ’ ಎಂದು ಹಲಗೆ ನೆಟ್ಟ ಬೀದಿ

ಹಲಗೆಗಳನ್ನು ಮನೆಮನೆಗೆ ಹಂಚಿದವಳು ನಾನೇ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ತಪ್ಪು ಹೇಳಿದರೆ ನೀವು ಕೇಳುತ್ತೀರಿ.

ನನ್ನ ಹೆಸರು ಆರ್ಡಿಸ್. ಮಿನೆಸೋಟದ ಒಂದು ಸಣ್ಣ ಊರು ನಮ್ಮದು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ಈಗ ಮನೆಯಲ್ಲಿದ್ದೇನೆ. ನಮ್ಮೂರಿಗೆ ಹೆಸರು ಬಂದಿದ್ದು ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಓಟದ ತಂಡದಿಂದ. ಗುಡ್ಡ, ಹುಲ್ಲು, ಕೆಸರು ಎಲ್ಲ ದಾಟಿ ಓಡುವ ದೂರದ ಓಟ ಅದು. ನೋಡಲು ಹೋಗುವವರು ದನದ ಕೊರಳಿಗೆ ಕಟ್ಟುವ ಗಂಟೆ ಹಿಡಿದು ಹೋಗುತ್ತಾರೆ. ಹುಡುಗಿಯರು ಹತ್ತಿರ ಬಂದಾಗ ಕೈ ನೋಯುವವರೆಗೂ ಬಾರಿಸುತ್ತಾರೆ.

ತಂಡ ದಿನಾ ಬೆಳಿಗ್ಗೆ ನಮ್ಮ ಬೀದಿಯಲ್ಲೇ ಓಡುತ್ತಿತ್ತು. ಹಿಂದೆ ಸೈಕಲ್ಲಿನ ಮೇಲೆ ಕೋಚ್ ಹೆಗ್‌ಡಾಲ್. ನಾನು ಮನೆಯ ಮೆಟ್ಟಿಲ ಮೇಲೆ ನಿಂತು ಗಂಟೆ ಬಾರಿಸುತ್ತಿದ್ದೆ. ಯಾಕೆಂದರೆ ಆ ಗುಂಪಿನಲ್ಲಿ ನಮ್ಮ ಬ್ರಿಟಾ ಇದ್ದಳು. ಪಕ್ಕದ ಮನೆಯ ವರ್ಲಿನ್‌ನ ಮಗಳು. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಹೋದಳು. ಆಮೇಲೆ ಅವಳ ಜಡೆ ಹೆಣೆದದ್ದು ನಾನು, ಜ್ವರ ಬಂದರೆ ಹಣೆ ಮುಟ್ಟಿ ನೋಡಿದ್ದು ನಾನು. ಹೆತ್ತಿಲ್ಲ ಅನ್ನುವುದೊಂದು ಬಿಟ್ಟರೆ ನನ್ನ ಮಗಳೇ.

ಆ ಸೆಪ್ಟೆಂಬರಿನಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ತಂಡ ಬಿಟ್ಟುಹೋದ ಇಬ್ಬರು ಹುಡುಗಿಯರು ಕೋಚ್ ಮೇಲೆ ದೂರು ಕೊಟ್ಟಿದ್ದರು. ಸೋಮವಾರ ಸೋಮವಾರ ಎಲ್ಲರ ಮುಂದೆ ತೂಕ ನೋಡುತ್ತಾರಂತೆ. ತೂಕ ಹೆಚ್ಚಿದರೆ ಊಟ ಕಡಿಮೆ ಮಾಡಿಸುತ್ತಾರಂತೆ. ಕಾಲು ನೋವು ಅಂದರೂ ಓಡಿಸುತ್ತಾರಂತೆ, ವೈದ್ಯರ ಚೀಟಿಯನ್ನು ಮುಚ್ಚಿಡುತ್ತಾರಂತೆ. ಮುಚ್ಚಿಡಲು ವಿಶ್ವವಿದ್ಯಾಲಯದ ಕ್ರೀಡಾ ಕಚೇರಿಯವರೂ ಕೈ ಜೋಡಿಸಿದ್ದಾರಂತೆ. ವಿಶ್ವವಿದ್ಯಾಲಯ ವಿಚಾರಣೆಗೆ ಒಂದು ಸಮಿತಿ ಮಾಡಿತು.

ಅದೇ ಹೊತ್ತಿಗೆ ದೊಡ್ಡ ಊರಿನ ಇನ್ನೊಂದು ವಿಶ್ವವಿದ್ಯಾಲಯ ನಮ್ಮ ಕೋಚನ್ನು ಕರೆಯುತ್ತಿದೆ ಎಂಬ ಗಾಳಿಸುದ್ದಿ ಹಬ್ಬಿತು. ಊರಿಗೆ ದಿಗಿಲಾಯಿತು. ದೂರು ಮರೆತೇಹೋಯಿತು. ಕೋಚ್ ಒಪ್ಪಂದವನ್ನು ಇನ್ನೈದು ವರ್ಷ ಮುಂದುವರಿಸಿ ಎಂದು ಅಭಿಮಾನಿಗಳ ಸಂಘ ಹಲಗೆ ಅಚ್ಚು ಹಾಕಿಸಿತು. ಮನೆ ಮುಂದಿನ ಹುಲ್ಲಿನಲ್ಲಿ ಎರಡು ಕಂಬಿ ಚುಚ್ಚಿ ನಿಲ್ಲಿಸುವ ಹಲಗೆ. ‘ಕೋಚ್ ಇಲ್ಲೇ ಇರಲಿ’ ಅಂತ ದಪ್ಪ ಅಕ್ಷರದಲ್ಲಿತ್ತು. ನಾನು ಕಾರಿನ ಹಿಂದೆ ತುಂಬಿಕೊಂಡು ಹೊರಟೆ. ವರ್ಲಿನ್ ಮೊದಲನೆಯವನು. ಸುತ್ತಿಗೆ ತಂದು ತಾನೇ ಬಡಿದು ನಿಲ್ಲಿಸಿದ.

“ನೆಟ್ಟಗೆ ಇದೆಯಾ ಆರ್ಡಿಸ್?”

“ನಿನ್ನ ಮೂಗಿಗಿಂತ ನೆಟ್ಟಗಿದೆ ಬಿಡು,” ಅಂದೆ. ಇಬ್ಬರೂ ನಕ್ಕೆವು.

ಬೇಡ ಅಂದವಳು ಒಬ್ಬಳೇ. ಎದುರು ಮನೆಯ ಯೂನಿಸ್. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು, ನನಗಿಂತ ಐದು ವರ್ಷ ದೊಡ್ಡವಳು. ಬಾಗಿಲಲ್ಲೇ ನಿಲ್ಲಿಸಿಕೊಂಡಳು.

“ವಿಚಾರಣೆ ಮುಗೀಲಿ ಆರ್ಡಿಸ್. ಆಮೇಲೆ ಬೇಕಾದ್ರೆ ಹತ್ತು ಹಲಗೆ ನೆಡು.”

“ಅಷ್ಟರಲ್ಲಿ ಅವರು ಬಿಟ್ಟು ಹೋದ್ರೆ?”

“ಹೋಗ್ಲಿ. ಈಗಿರೋ ಒಪ್ಪಂದನೇ ಇನ್ನೂ ಎರಡು ವರ್ಷ ಇದೆ. ಯಾರೂ ಅವರ ಅನ್ನ ಕಿತ್ಕೊಳ್ತಿಲ್ಲ. ಸ್ವಲ್ಪ ತಡೀರಿ ಅಂತಿದೀನಿ, ಅಷ್ಟೇ.”

“ತಪ್ಪು ಮಾಡಿದಾರೆ ಅಂತ ನೀನೇ ತೀರ್ಪು ಕೊಟ್ಟುಬಿಟ್ಯಾ?”

“ನಾನು ಕೊಟ್ಟಿಲ್ಲ. ಮಾಡಿಲ್ಲ ಅಂತ ನೀನು ಕೊಟ್ಟಿದೀಯ, ಕಾರ್ ತುಂಬ ತುಂಬ್ಕೊಂಡು ಬಂದಿದೀಯ.” ಯೂನಿಸ್ ದನಿ ತಗ್ಗಿಸಿದಳು. “ನೋಡು, ಸಹಿ ಬಿತ್ತು ಅಂದ್ರೆ ಆಮೇಲೆ ತೆಗೆಯೋದು ಕಷ್ಟ. ತೆಗೆದ್ರೆ ಉಳಿದ ವರ್ಷಗಳ ಸಂಬಳ ಪೂರ್ತಿ ಕೊಡ್ಬೇಕು. ಅದಕ್ಕೆ ಹೆದರಿ ಆಡಳಿತದೋರು ಕಣ್ಣು ಮುಚ್ಕೋತಾರೆ. ಇನ್ನೊಂದು ಮಾತು. ಬಾಯಿ ಬಿಡಬೇಕು ಅಂತಿರೋ ಹುಡುಗಿ ಯಾವಳಾದ್ರೂ ಇದ್ರೆ, ಅವಳೂ ಇದೇ ಬೀದೀಲಿ ಓಡ್ತಾಳೆ. ಈ ಹಲಗೆ ಓದ್ತಾಳೆ.”

“ನಮ್ಮ ಬ್ರಿಟಾನೂ ಅದೇ ತಂಡದಲ್ಲಿದಾಳೆ ತಾಯಿ. ಅಂಥದ್ದೇನಾದ್ರೂ ಇದ್ದಿದ್ರೆ ನನಗೆ ಹೇಳ್ತಿರ್ಲಿಲ್ವಾ?”

“ನೀನು ಕೇಳಿದ್ಯಾ?”

ನನಗೆ ಸಿಟ್ಟು ಬಂತು. “ಚರ್ಚಲ್ಲಿ ಕಾಫಿ ಜೊತೆ ನನ್ನ ನಿಂಬೆ ಸಿಹಿ ತಿನ್ನೋಕೆ ಬರ್ತೀಯಲ್ಲ, ಇನ್ಮೇಲೆ ತಟ್ಟೆ ಹತ್ರ ಬಾ ನೋಡೋಣ,” ಅಂದು ಮೆಟ್ಟಿಲಿಳಿದೆ. ಬ್ರಿಟಾಳನ್ನು ನಾನು ಕೇಳಿರಲೇ ಇಲ್ಲ.

ಮರುದಿನ ಭಾನುವಾರ. ಬ್ರಿಟಾ ಹಾಸ್ಟೆಲಿನಿಂದ ಮನೆಗೆ ಬರುವ ದಿನ. ನಾನು ಮಾಂಸ, ಆಲೂಗೆಡ್ಡೆ ಹಾಕಿ ಒಲೆಯಲ್ಲಿ ಬೇಯಿಸಿದ ಅಡುಗೆಯ ಪಾತ್ರೆ ಹಿಡಿದು ವರ್ಲಿನ್ ಮನೆಗೆ ಹೋದೆ. ಅವನ ಮನೆಯ ಕಿಟಕಿಯಿಂದ ನೋಡಿದರೆ, ಹುಡುಗಿ ಗೇಟಿನ ಹತ್ತಿರ ನಿಂತೇ ಇದ್ದಾಳೆ. ಹಲಗೆ ನೋಡುತ್ತಿದ್ದಾಳೆ. ಕೈಯಲ್ಲಿ ಒಂದು ಲಕೋಟೆ. ಅದನ್ನು ಮಡಿಚಿ, ಇನ್ನೂ ಒಮ್ಮೆ ಮಡಿಚಿ, ಕೋಟಿನ ಜೇಬಿಗೆ ಹಾಕಿಕೊಂಡು ಒಳಗೆ ಬಂದಳು.

ಊಟದಲ್ಲಿ ಒಂದೇ ಮಾತು ಕೇಳಿದಳು. “ಅಪ್ಪಾ, ದೂರು ಕೊಟ್ಟೋರು ಸುಳ್ಳು ಹೇಳ್ತಿದಾರೆ ಅಂತೀಯಾ?”

“ಮತ್ತಿನ್ನೇನು ಮರಿ? ಓಡೋಕಾಗದೆ ಬಿಟ್ಟುಹೋದೋರು. ಹೊಟ್ಟೆಕಿಚ್ಚು.”

“ಮೈಗಳ್ಳೀರು,” ಅಂತ ನಾನೂ ಸೇರಿಸಿದೆ. ಅಯ್ಯೋ, ಈ ನಾಲಿಗೆ ಆ ಹೊತ್ತಿಗೆ ಬಿದ್ದುಹೋಗಬಾರದಿತ್ತೇ! “ಯಾಕೆ ಪುಟ್ಟಿ, ಏನೂ ತಿಂತಿಲ್ವಲ್ಲ? ಮೊದಲು ಎರಡೆರಡು ಸಲ ಹಾಕಿಸ್ಕೊಳ್ತಿದ್ದೆ.”

“ಹಸಿವಿಲ್ಲ ಆಂಟಿ,” ಅಂದಳು. ನಾಳೆ ಸೋಮವಾರ ಎಂಬುದು ನನಗೆ ಹೊಳೆಯಲೇ ಇಲ್ಲ.

ಆ ಲಕೋಟೆಯಲ್ಲಿ ಎರಡು ಕಾಗದ ಇದ್ದವು ಎಂದು ಆಮೇಲೆ ಗೊತ್ತಾಯಿತು. ಒಂದು, ವಿಚಾರಣೆ ಸಮಿತಿಯದು: ಬುಧವಾರ ಬನ್ನಿ, ನೀವು ಹೇಳಿದ್ದು ಗುಟ್ಟಾಗಿರುತ್ತದೆ, ಬೇಕಾದರೆ ಮನೆಯವರನ್ನು ಜೊತೆಗೆ ಕರೆತನ್ನಿ ಎಂದು. ಇನ್ನೊಂದು ಅವಳ ಎಡಗಾಲಿನ ಮೂಳೆಯ ಸ್ಕ್ಯಾನ್ ವರದಿ. ಮೂಳೆಯಲ್ಲಿ ಬಿರುಕಿದೆ, ಎಂಟು ವಾರ ಓಡಬಾರದು ಎಂದು. ಕೋಚ್ ಅದನ್ನು ನೋಡಿ, “ಇದನ್ನ ಯಾರಿಗೂ ತೋರಿಸ್ಬೇಡ, ಜಾಗ ಕಳ್ಕೋತೀಯ” ಎಂದಿದ್ದರಂತೆ. ಅಪ್ಪನನ್ನು ಜೊತೆಗೆ ಬಾ ಎಂದು ಕರೆಯಲು ಬಂದಿದ್ದಳು ಹುಡುಗಿ. ಕರೆಯಲಿಲ್ಲ. ಬುಧವಾರ ಅವಳೂ ಹೋಗಲಿಲ್ಲ.

ಆ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಅವಳು ನನ್ನ ಮನೆ ಮುಂದೆ ಓಡಿಹೋದಾಗ ಮುಖವೆಲ್ಲ ಒದ್ದೆಯಾಗಿತ್ತು. ಬೆವರು ಅಂದುಕೊಂಡೆ. ಇನ್ನೂ ಜೋರಾಗಿ ಗಂಟೆ ಬಾರಿಸಿದೆ.

ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಸಭೆ. ಊರಿನವರು ಎದ್ದು ನಿಂತು ಎರಡೆರಡು ನಿಮಿಷ ಮಾತಾಡಬಹುದು. ನಾನು ಮಾತಾಡಿದೆ, ವರ್ಲಿನ್ ಮಾತಾಡಿದ. “ನನ್ನ ಮಗಳನ್ನೇ ಅವರ ಕೈಗೆ ಒಪ್ಪಿಸಿದೀನಿ, ಇನ್ನೇನು ಸಾಕ್ಷಿ ಬೇಕು?” ಅಂದ. ಜನ ಚಪ್ಪಾಳೆ ತಟ್ಟಿದರು. ಯೂನಿಸ್ ಎದ್ದು, “ವಿಚಾರಣೆ ಮುಗಿಯೋವರೆಗೆ ಸಹಿ ಬೇಡ” ಎಂದಾಗ ಹಿಂದಿನಿಂದ ಯಾರೋ ಊಳಿಟ್ಟರು. ಐದು ವರ್ಷಕ್ಕೆ ಸಹಿ ಬಿತ್ತು. ವಿಚಾರಣೆಗೆ ಯಾರೂ ಹೊಸಬರು ಬರಲಿಲ್ಲ ಎಂದು ಸಮಿತಿ ಕಡತ ಕಟ್ಟಿಟ್ಟಿತು. ನಾವು ಹಲಗೆ ಕೀಳಲು ಹೋದರೆ ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ವಸಂತಕ್ಕೆ ಕಿತ್ತರಾಯಿತು ಎಂದು ಬಿಟ್ಟೆವು. ಚಳಿಗಾಲವಿಡೀ ಹಲಗೆಗಳು ಹಿಮದಲ್ಲಿ ನಿಂತಿದ್ದವು, ಹುಡುಗಿಯರು ಅವುಗಳ ಮುಂದೆಯೇ ಓಡಿದರು.

ಏಪ್ರಿಲಿನ ಒಂದು ಬೆಳಿಗ್ಗೆ. ನಾನು ಗಂಟೆ ಹಿಡಿದು ನಿಂತಿದ್ದೆ. ತಂಡ ಬಂತು. ಎಲ್ಲರಿಗಿಂತ ಹಿಂದೆ ಮೊದಲ ವರ್ಷದ ಒಬ್ಬ ಹುಡುಗಿ, ಮೇವ್ ಅಂತ, ಹತ್ತೊಂಬತ್ತು ವರ್ಷ. ಒಂದು ಕಾಲು ಎಳೆಯುತ್ತಿದ್ದಳು. “ಓಡು ಮರಿ, ಓಡು!” ಎಂದು ಕೂಗಿ ಗಂಟೆ ಬಾರಿಸಿದೆ. ನನ್ನ ಮುಂದೆಯೇ ಬಿದ್ದಳು. ಟಪ್ ಎಂದು ಒಂದು ಸದ್ದು ಕೇಳಿತು. ಅದು ಮೂಳೆಯದು ಎಂದು ಆ ಕ್ಷಣ ನನಗೆ ತಿಳಿಯಲಿಲ್ಲ. ಆಮೇಲೆ ಅವಳು ಕಿರುಚಿದಳು.

ಕೋಚ್ ಸೈಕಲ್ ನಿಲ್ಲಿಸಿ, “ಏಳು, ಏಳು. ನಾಲ್ಕು ಹೆಜ್ಜೆ ನಡೆದ್ರೆ ಸರಿ ಹೋಗತ್ತೆ,” ಅಂದರು. ಕೈ ಹಿಡಿದು ಎಬ್ಬಿಸಲು ಬಗ್ಗಿದರು.

“ಅವಳನ್ನ ಮುಟ್ಟಬೇಡಿ!”

ನಮ್ಮ ಬ್ರಿಟಾ. ಮುಂದೆ ಓಡಿದ್ದವಳು ತಿರುಗಿ ಬಂದು, ರಸ್ತೆಯ ಮೇಲೆ ಕೂತು ಮೇವ್‌ಳ ತಲೆಯನ್ನು ತೊಡೆಗೆ ಹಾಕಿಕೊಂಡಳು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಯೂನಿಸ್ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಓಡಿಬಂದಳು. ಸೊಂಟದ ಕೀಲಿನ ಮೂಳೆ ಮುರಿದಿತ್ತು. ವಾರಗಟ್ಟಲೆಯಿಂದ ನೋಯುತ್ತಿತ್ತಂತೆ.

ಆಂಬುಲೆನ್ಸ್ ಹೋದ ಮೇಲೂ ಬ್ರಿಟಾ ರಸ್ತೆಯಿಂದ ಏಳಲಿಲ್ಲ. ವರ್ಲಿನ್ ಬಂದು ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತ.

“ನನಗೆ ಗೊತ್ತಿತ್ತು ಅಪ್ಪಾ. ನನ್ನ ಕಾಲಿಗೂ ಹೀಗೇ ಮಾಡಿದ್ರು, ನಂದು ಹೇಗೋ ಕೂಡ್ಕೊಳ್ತು. ನಾನು ಹೋಗಿ ಹೇಳಿದ್ದಿದ್ರೆ ಅವಳು ಬೀಳ್ತಿರ್ಲಿಲ್ಲ.” ಅಳುತ್ತ ಅಳುತ್ತ ಎಲ್ಲ ಹೇಳಿದಳು. ತೂಕ, ಚೀಟಿ, ಲಕೋಟೆ, ಬುಧವಾರ.

“ನನಗ್ಯಾಕೆ ಹೇಳ್ಲಿಲ್ಲ ಮರಿ? ನಾನು ನಿನ್ನ ಅಪ್ಪ ಅಲ್ವಾ? ನನ್ನನ್ನ ಕೇಳ್ಬಾರ್ದಿತ್ತಾ?”

ಬ್ರಿಟಾ ತಲೆಯೆತ್ತಿ ತನ್ನ ಮನೆಯ ಕಡೆ ನೋಡಿದಳು. ಹಲಗೆ ಬಿಸಿಲಿಗೆ ಬಣ್ಣ ಕಳೆದುಕೊಂಡಿತ್ತು, ಅಕ್ಷರ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

“ಕೇಳೋಕೇ ಬಂದಿದ್ದೆ ಅಪ್ಪಾ. ನಾನು ಬರೋಷ್ಟರಲ್ಲಿ ನೀನು ಉತ್ತರ ನೆಟ್ಟುಬಿಟ್ಟಿದ್ದೆ.”

ವರ್ಲಿನ್ ಎದ್ದುಹೋಗಿ ಹಲಗೆ ಹಿಡಿದು ಎಳೆದ. ನೆಲ ಕರಗಿತ್ತು, ಸಲೀಸಾಗಿ ಬಂತು. ಅಷ್ಟು ದೊಡ್ಡ ಗಂಡಸು ಅದನ್ನು ಎದೆಗವಚಿಕೊಂಡು ಹುಲ್ಲಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ. ನಾನು ಗಂಟೆಯನ್ನು ಮೆಟ್ಟಿಲ ಮೇಲೆ ಇಟ್ಟೆ. ಮತ್ತೆ ಅದನ್ನು ಕೈಗೆತ್ತಿಕೊಂಡಿಲ್ಲ.

ಆ ವಾರವೇ ಸಮಿತಿ ಕಡತ ಮತ್ತೆ ತೆರೆಯಿತು, ಬ್ರಿಟಾ ಅದರ ಮುಂದೆ ಹೋದಳು. ಈ ಸಲ ಅಪ್ಪ ಜೊತೆಗಿದ್ದ, ಯೂನಿಸ್ ಇದ್ದಳು. ಅವಳನ್ನು ನೋಡಿ ಇನ್ನೂ ಏಳು ಜನ ಹೋದರು. ಏಳು ಜನ! ಎಲ್ಲರೂ ನಮ್ಮ ಬೀದಿಯಲ್ಲಿ ಓಡಿದವರೇ. ಕೋಚ್ ಈಗ ಮೈದಾನಕ್ಕೆ ಬರುತ್ತಿಲ್ಲ, ಆದರೆ ಸಂಬಳ ನಿಂತಿಲ್ಲ. ಐದು ವರ್ಷದ ಸಹಿ ಇದೆಯಲ್ಲ, ವಕೀಲರು ಜಗ್ಗಾಡುತ್ತಿದ್ದಾರೆ. ಆ ಸಹಿ ಹಾಕಿಸಿದವರು ನಾವೇ. ಮೇವ್ ಓದು ಬಿಟ್ಟು ತನ್ನೂರಿಗೆ ಹೋದಳು, ಕೋಲು ಹಿಡಿದು ನಡೆಯುತ್ತಾಳಂತೆ. ನಾನು ಬರೆದ ಕಾಗದಕ್ಕೆ ಉತ್ತರ ಬಂದಿಲ್ಲ. ಬರಬೇಕು ಎಂದು ಕೇಳುವ ಮುಖ ನನಗಿಲ್ಲ. ಬ್ರಿಟಾ ಓಟ ನಿಲ್ಲಿಸಿದ್ದಾಳೆ. ಭಾನುವಾರ ಬರುತ್ತಾಳೆ, ಈಗೀಗ ಎರಡನೇ ಸಲ ಬಡಿಸಿದರೆ ಬೇಡ ಅನ್ನುವುದಿಲ್ಲ.

ಹಲಗೆ ಹಂಚಿದ ಕಾರಿನಲ್ಲೇ ಹೋಗಿ ಮನೆಮನೆಯಿಂದ ಅವನ್ನು ವಾಪಸು ತಂದೆ. ವರ್ಲಿನ್ ಜೊತೆಗೆ ಬಂದ. ಕೆಲವರು ಕೊಟ್ಟರು, ಕೆಲವರು ಮುಖಕ್ಕೆ ಬಾಗಿಲು ಹಾಕಿದರು. ಒಬ್ಬರು, “ಏನ್ ವರ್ಲಿನ್, ಗೆಲ್ಲೋದು ಬೇಡ್ವಾ ನಿಂಗೆ?” ಅಂತ ಕೇಳಿದರು. “ನನ್ನ ಮಗಳು ನಡೆದಾಡ್ಕೊಂಡಿರ್ಲಿ, ಸಾಕು,” ಅಂದ ಅವನು. ಯೂನಿಸ್ ಬಾಗಿಲು ತಟ್ಟಿ ನಾನು ಬರಿಗೈಯಲ್ಲಿ ನಿಂತೆ. “ಕ್ಷಮಿಸು” ಅನ್ನುವಷ್ಟರಲ್ಲಿ ಅವಳು, “ನಿಂಬೆ ಸಿಹಿ ಎಲ್ಲಿ?” ಅಂದು ಒಳಗೆ ಕರೆದಳು.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರೇ, ಅಕ್ಕಪಕ್ಕದವರೇ, ನಿಮ್ಮೂರಿನ ಕಾಲೇಜಿನಲ್ಲೂ ಒಬ್ಬ ಮೆಚ್ಚಿನ ಕೋಚ್ ಇರಬಹುದು. ನಿಮ್ಮ ಮಗಳು ಓಡುತ್ತಿರಬಹುದು, ಕಬಡ್ಡಿ ಆಡುತ್ತಿರಬಹುದು. ಅಂಥವರ ಮೇಲೆ ದೂರು ಬಂದ ದಿನ ನೀವು ಯಾರ ಪರವೂ ಕೂಗಬೇಕಿಲ್ಲ. ವಿಚಾರಣೆ ಮುಗಿಯುವವರೆಗೆ ಹೊಸ ಒಪ್ಪಂದಕ್ಕೆ ಸಹಿ ಬೇಡ ಎಂದು ಆಡಳಿತದವರಿಗೆ ಬರೆದು ಕೊಡಿ. ತಪ್ಪಿಲ್ಲದವರಿಗೆ ಕಾಯುವುದರಿಂದ ನಷ್ಟವಿಲ್ಲ. ಮಕ್ಕಳಿಗೆ ವೈದ್ಯರು ಕೊಟ್ಟ ಚೀಟಿಯನ್ನು ನೀವೇ ಕಣ್ಣಾರೆ ಓದಿ. ಮಗಳು ಊಟ ಬಿಟ್ಟರೆ, ಕುಂಟಿದರೆ, ಸೋಮವಾರ ಅಂದರೆ ಹೆದರಿದರೆ ಸುಮ್ಮನಿರಬೇಡಿ. ದೂರು ಕೊಡಲು ಹೋಗುವಾಗ ಅವಳ ಜೊತೆಗೆ ಹೋಗಿ.

ಎಲ್ಲಕ್ಕಿಂತ ಮೊದಲು ಅವಳನ್ನು ಕೇಳಿ. ಪಕ್ಕದಲ್ಲಿ ಕೂತು, ನಿಮ್ಮ ಅಭಿಪ್ರಾಯ ನುಂಗಿಕೊಂಡು ಕೇಳಿ. ಅವಳು ಗೇಟಿನ ಹತ್ತಿರ ಲಕೋಟೆ ಹಿಡಿದು ನಿಂತಿರಬಹುದು. ನಾನು ಕಿಟಕಿಯಿಂದ ನೋಡುತ್ತ ನಿಂತುಬಿಟ್ಟೆ. ನೀವು ಹೊರಗೆ ಹೋಗಿ, ಒಳಗೆ ಕರೆದುಕೊಂಡು ಬನ್ನಿ.