ಮಾವನ ಎಡಗೈಗೊಂದು ರಿಮೋಟು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಕಂಡಕಂಡವರ ಮುಂದೆಲ್ಲ ಹೇಳುತ್ತಾಳೆ. ಸುಳ್ಳೇನಲ್ಲ. ಆದರೆ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿ ಹೊಟ್ಟೆ ಹೊರೆದವನಿಗೆ ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದು ಭಾನುವಾರವಿಡೀ ನೀರು ಕುಡಿಸಿದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ?

ಬೋರ್ಡು ತಂದದ್ದು ಮಾವನಿಗಾಗಿ. ಮಾವ, ಅಂದರೆ ಹೆಂಡತಿಯ ಅಪ್ಪ, ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಅಂದಿನಿಂದ ನಮ್ಮ ಮಹಡಿಯ ಕೋಣೆಯಲ್ಲಿದ್ದಾರೆ. ಮಾತಿಗೇನೂ ತೊಡಕಿಲ್ಲ, ಬುದ್ಧಿಯೂ ಚುರುಕು. ಅವರಿಗಿರುವುದು ಒಂದೇ ಹುಚ್ಚು, ಸಿನಿಮಾ. ಆದರೆ ಸಿನಿಮಾ ನೋಡಬೇಕೆಂದರೆ ನಮ್ಮಲ್ಲೊಬ್ಬರು ಅದನ್ನು ಕೆಳಗಿನ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿ, ಟಿವಿಯ ಹಿಂದೆ ಸಿಕ್ಕಿಸಬೇಕು. ಮೊದಮೊದಲು ಕೂಗಿ ಕರೆಯುತ್ತಿದ್ದರು. ಬರಬರುತ್ತಾ ಕರೆಯುವುದನ್ನೇ ಬಿಟ್ಟರು. ನಾವಾಗಿಯೇ ಕೇಳಿದರೆ, "ಬೇಡ ಬಿಡಿ, ನಿಮಗ್ಯಾಕೆ ಸುಮ್ಮನೆ ತೊಂದರೆ" ಎಂದು ಗೋಡೆ ಕಡೆ ಮುಖ ಮಾಡುತ್ತಿದ್ದರು. ಟನ್ನುಗಟ್ಟಲೆ ಸಾಮಾನು ಎತ್ತಿ ಇಳಿಸಿದ ಮನುಷ್ಯ ಒಂದು ಸಿನಿಮಾ ಕೇಳಲು ಹೀಗೆ ಮುದುಡಿಕೊಳ್ಳುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಯಾರ ಹಂಗೂ ಇಲ್ಲದೆ ಅವರಿಗೆ ಬೇಕಾದದ್ದನ್ನು ಅವರೇ ಹಾಕಿಕೊಳ್ಳಬೇಕು, ಅದೇ ನನ್ನ ಹಟ.

ಕೆಲಸವೇನೂ ಘನಂದಾರಿಯದಲ್ಲ. ಬೋರ್ಡಿನ ಪುಟ್ಟ ಕಾರ್ಡಿಗೆ ಸಿನಿಮಾ ತೋರಿಸುವ ಸಾಫ್ಟ್‌ವೇರ್ ತುಂಬಬೇಕು, ಬೋರ್ಡಿನಿಂದ ಟಿವಿಗೆ ಒಂದು ಕೇಬಲ್ ಎಳೆಯಬೇಕು. ಕೆಳಗಿನ ಕಂಪ್ಯೂಟರಿನಲ್ಲಿರುವ ಸಿನಿಮಾಗಳೆಲ್ಲ ವೈಫೈನಲ್ಲಿ ಮೇಲಕ್ಕೆ ಬರುತ್ತವೆ. ಆರಿಸಲು ಟಿವಿಯ ರಿಮೋಟೇ ಸಾಕು, ಎಡಗೈಯಲ್ಲೂ ಒತ್ತಬಹುದು. ಬೆಳಿಗ್ಗೆ ಹತ್ತಕ್ಕೆಲ್ಲ ನನ್ನ ರಿಪೇರಿ ಮೇಜಿನ ಮೇಲೆ ಎಲ್ಲವೂ ಸಲೀಸಾಗಿ ಓಡಿತು. ಬೋರ್ಡನ್ನು ಒಂದು ತಗಡಿನ ಡಬ್ಬಿಯೊಳಗೆ ಕೂರಿಸಿ, ಮುಚ್ಚಳ ಬಿಗಿದು, ಮೀಸೆ ತಿರುವಿಕೊಂಡು ಮೇಲೆ ಹೋದೆ.

ಟಿವಿ ಹಾಕಿದರೆ ಪಟ್ಟಿಯಲ್ಲಿ ಒಂದೂ ಸಿನಿಮಾ ಇಲ್ಲ! ಕೆಳಗೆ ತಂದು ಡಬ್ಬಿ ಬಿಚ್ಚಿ ನೋಡಿದೆ, ಎಲ್ಲ ಸರಿಯಾಗಿದೆ. ಮತ್ತೆ ಮುಚ್ಚಿ ಮೇಲೆ ಒಯ್ದೆ, ಖಾಲಿ. ಕಾರ್ಡನ್ನು ಮೂರು ಸಲ ಅಳಿಸಿ ಹೊಸದಾಗಿ ತುಂಬಿದೆ. ಮೆಟ್ಟಿಲು ಹತ್ತಿ ಇಳಿದು ಮಂಡಿ ಚಿಪ್ಪು ಸವೆಯುವುದೊಂದು ಬಾಕಿ. ಬೋರ್ಡು ಮಾಡಿದವನ ವಂಶವನ್ನೆಲ್ಲ ಬಾಯಿಗೆ ಬಂದಂತೆ ಬೈದೆ.

"ಹೋಗ್ಲಿ ಬಿಡಿ ಅಳಿಯಂದ್ರೇ, ಊಟ ಮಾಡ್ಹೋಗಿ" ಎಂದರು ಮಾವ. ಆ 'ಬಿಡಿ' ಕೇಳಿ ನನಗೆ ಇನ್ನಷ್ಟು ಉರಿಯಿತು.

ಗಲಾಟೆ ಕೇಳಿ ಹೆಂಡತಿ ಮೇಲೆ ಬಂದಳು. ಅವಳು ಟೈಲರ್; ಟೇಪು ಕೊರಳಲ್ಲೇ ಇತ್ತು. "ಈ ತಗಡಿನ ಡಬ್ಬಿ ಯಾಕ್ರೀ?" ಎಂದಳು.

"ಅದು ನಮ್ಮ ಕಸುಬಿನ ಪದ್ಧತಿ ಕಣೇ. ರೇಡಿಯೋದಲ್ಲಿ ಗೊರಗೊರ ಸದ್ದು ಬರಬಾರ್ದು ಅಂತ ತಗಡು ಮುಚ್ತೀವಿ. ಹೊರಗಿನ ಅಲೆ ಒಂದೂ ಒಳಗೆ ನುಗ್ಗಲ್ಲ, ಗೊತ್ತಾ?"

"ಹೌದಾ? ಮತ್ತೆ ವೈಫೈನೂ ಹೊರಗಡೆಯಿಂದಲೇ ಅಲ್ವಾ ಬರೋದು?"

ನಾನು ಡಬ್ಬಿಯ ಮುಚ್ಚಳ ಬಿಚ್ಚಿದೆ. ಹಾಸಿಗೆಯ ಮೇಲೆ ಮಾವ ಕಿಸಕ್ಕನೆ ನಕ್ಕರು. ಮೂವತ್ತು ವರ್ಷದ ವಿದ್ಯೆಯೆಲ್ಲ ಸೇರಿ ನನ್ನನ್ನು ಪೆದ್ದನನ್ನಾಗಿ ಮಾಡಿತ್ತು! ಹೆಂಡತಿ ತನ್ನ ಗುಂಡಿಗಳ ಪ್ಲಾಸ್ಟಿಕ್ ಡಬ್ಬಿಯನ್ನು ಖಾಲಿ ಮಾಡಿ ಕೊಟ್ಟಳು. ಕಾದ ಕಬ್ಬಿಣದಲ್ಲಿ ಅದಕ್ಕೆ ಗಾಳಿಗೊಂದಿಷ್ಟು ತೂತು ಹಾಕಿ ಬೋರ್ಡು ಕೂರಿಸಿದೆ. ಟಿವಿಯ ಮೇಲೆ ಸಿನಿಮಾಗಳು ಸಾಲಾಗಿ ಬಂದು ನಿಂತವು.

ರಿಮೋಟನ್ನು ಮಾವನ ಎಡಗೈಗೆ ಕೊಟ್ಟೆ. ಹೆಬ್ಬೆರಳು ತಡವರಿಸುತ್ತಾ ಒತ್ತಿತು. ಶುರುವಾದದ್ದು ಪಟ್ಟಿಯ ಮೊದಲಲ್ಲೇ ಇದ್ದ ಒಂದು ಹಾಸ್ಯದ ಸಿನಿಮಾ, ನನ್ನ ಅಚ್ಚುಮೆಚ್ಚಿನದು. ಮಾವ ಸಪ್ಪಗಿದ್ದಾಗಲೆಲ್ಲ ನಾನೇ ಮೇಲೆ ಬಂದು ಹಾಕಿಕೊಡುತ್ತಿದ್ದೆ. ಅವರು ಪೂರ್ತಿ ನೋಡುತ್ತಿದ್ದರು. ಎರಡು ನಿಮಿಷ ಆಯಿತೋ ಇಲ್ಲವೋ, ತಟ್ಟನೆ ನಿಂತಿತು.

"ಅಯ್ಯೋ, ಮತ್ತೇನಾಯ್ತು ಇದಕ್ಕೆ!" ಎಂದು ಟಿವಿಯ ಹಿಂದಿನ ಕೇಬಲ್ಲಿಗೆ ಕೈ ಹಾಕಿದೆ.

"ಏನೂ ಆಗಿಲ್ಲ. ನಾನೇ ನಿಲ್ಲಿಸ್ದೆ."

"ಯಾಕೆ ಮಾವ? ಇದು ನಿಮಗಿಷ್ಟ ಅಲ್ವಾ?"

"ನೀವು ಕೆಲಸ ಬಿಟ್ಟು ಬಂದು ಹಾಕಿಕೊಡ್ತಿದ್ರಿ. ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಇಂಥ ದರಿದ್ರ ಸಿನಿಮಾ ನಾನು ಜನ್ಮದಲ್ಲೇ ನೋಡಿಲ್ಲ ಅಳಿಯಂದ್ರೇ. ಹನ್ನೊಂದು ಸಲ ನೋಡಿದ್ದೀನಿ!"

ಹೆಂಡತಿ ಬಾಗಿಲು ಹಿಡಿದುಕೊಂಡು ಬಿದ್ದುಬಿದ್ದು ನಕ್ಕಳು. ನನಗೆ ಸಿಟ್ಟು ಬರಬೇಕಿತ್ತು, ನ್ಯಾಯವಾಗಿ. ಆದರೆ ಎಂಟು ತಿಂಗಳಲ್ಲಿ ಮಾವ ಮೊದಲ ಸಲ ತಮಗೆ ಹಿಡಿಸದ್ದನ್ನು ಹಿಡಿಸಲಿಲ್ಲ ಎಂದು ಗಟ್ಟಿಯಾಗಿ ಹೇಳಿದ್ದರು. ಸಂತೋಷದಿಂದ ಕೇಬಲ್ ಬಿಟ್ಟು ಅವರತ್ತ ತಿರುಗಿದೆ.

"ಸರಿ ಮಾವ, ನಿಮಗೆ ಬೇಕಾದ್ದು ಹಾಕ್ಕೊಳ್ಳಿ" ಎಂದೆ.

"ಹಾಕ್ಕೋತೀನಿ. ನೀವು ಸ್ವಲ್ಪ ಆಚೆ ಸರೀರಿ, ಟಿವಿಗೆ ಅಡ್ಡ ನಿಂತಿದ್ದೀರ."