ಹಿಮ ಒದಗಿಸುವುದು ಗಂಡಿನ ಕಡೆಯವರ ಜವಾಬ್ದಾರಿ

ಹೆಣ್ಣಿನ ಕಡೆಯವರು ಸ್ಕೀ ತರುತ್ತಾರೆ, ಹಿಮವನ್ನು ಗಂಡಿನ ಕಡೆಯವರೇ ಒದಗಿಸಿಕೊಳ್ಳಬೇಕು. ಫೋನಿನಲ್ಲಿ ಹುಡುಗಿಯ ಅಪ್ಪನಿಂದ ಈ ಮಾತು ಬಂದಾಗ ನಾನು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡೆ. ಮದುವೆ ಮಾತುಕತೆಯಲ್ಲಿ ಹೂವು ಯಾರದು, ಅಡುಗೆಯವರು ಯಾರ ಕಡೆಯವರು ಎಂದು ಹಂಚಿಕೊಳ್ಳುವುದು ಗೊತ್ತು. ಏಪ್ರಿಲ್ ತಿಂಗಳಲ್ಲಿ, ಸಾಗರ ತಾಲ್ಲೂಕಿನಲ್ಲಿ, ಹಿಮ ಯಾರದು ಎಂಬ ಪ್ರಶ್ನೆ ನಮ್ಮ ವಂಶದಲ್ಲಿ ಹಿಂದೆ ಯಾರಿಗೂ ಎದುರಾಗಿರಲಿಕ್ಕಿಲ್ಲ.

ಹುಡುಗಿ ತುಮರಿಯವಳು, ಹೆಸರು ವಿನಯಾ. ಚಳಿಗಾಲವಿಡೀ ಮನಾಲಿಯಲ್ಲಿ ಜನರಿಗೆ ಸ್ಕೀ ಎಂಬ ಉದ್ದ ಹಲಗೆ ಕಾಲಿಗೆ ಕಟ್ಟಿ ಹಿಮದ ಮೇಲೆ ಜಾರುವುದನ್ನು ಕಲಿಸುತ್ತಾಳೆ, ಅಲ್ಲಿ ಹಿಮ ಕರಗಿದ ಮೇಲೆ ಊರಿಗೆ ಬರುತ್ತಾಳೆ. ಮದುವೆಯಾಗುವವನು ಚಳಿಗಾಲದಲ್ಲಿ ತನ್ನ ಜೊತೆ ಅಲ್ಲಿರಬೇಕು, ಆ ದಿನದ ಹಿಮ ನೋಡಿ ಅದಕ್ಕೆ ತಕ್ಕ ಸ್ಕೀ ಆರಿಸಲು ಬರಬೇಕು ಎಂಬುದು ಅವಳ ಷರತ್ತು, ಅದರ ಪರೀಕ್ಷೆ ಗಂಡಿನ ಮನೆಯ ಅಂಗಳದಲ್ಲೇ. ತಪ್ಪು ಸ್ಕೀ ಕಟ್ಟಿಕೊಂಡರೆ ಮಂಡಿ ಹೋಗುತ್ತದಂತೆ.

ನಮ್ಮ ಜನದಲ್ಲಿ ಊರಲ್ಲೇ ಉಳಿದ ಗಂಡುಗಳಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದರೆ, ಇದನ್ನು ಕೇಳಿ ಯಾರೂ ನಗಲಿಲ್ಲ. ಕಲಿಯಲು ಕೂತರು. ಹೊಸನಗರದಲ್ಲಿ ಒಬ್ಬ ಮೇಷ್ಟ್ರು ಟ್ಯೂಷನ್ನೇ ಶುರುಮಾಡಿದ. ಉಪನಯನದ ಊಟದ ಪಂಕ್ತಿಯಲ್ಲಿ ಅವಿವಾಹಿತರು ತಂಬುಳಿ ಸುರಿದುಕೊಳ್ಳುತ್ತ, ಪುಡಿ ಹಿಮಕ್ಕೆ ಅಗಲದ್ದು ಬೇಕು, ಇಲ್ಲದಿದ್ದರೆ ಹುಗಿಯುತ್ತದೆ ಎನ್ನುವುದು, ಗಟ್ಟಿ ಹಿಮಕ್ಕೆ ಸಪೂರದ್ದು, ಅಂಚು ಹರಿತವಿರಬೇಕು ಎನ್ನುವುದು, ಬಿಸಿಲಿಗೆ ಕೆಸರಾದ ಹಿಮಕ್ಕೆ ಅಗಲದ್ದೋ ನಡುವಿನದೋ ಎಂದು ಕೈ ತೊಳೆಯುವವರೆಗೂ ಜಗಳವಾಡುವುದು ಮಾಮೂಲಾಯಿತು. ಇವರಲ್ಲಿ ಒಬ್ಬನೂ ಫ್ರಿಜ್ಜಿನ ಮೇಲ್ಖಾನೆ ಬಿಟ್ಟು ಬೇರೆಲ್ಲೂ ಹಿಮ ಕಂಡವನಲ್ಲ.

ನನ್ನ ಅಕ್ಕ ಮಹಾಲಕ್ಷ್ಮಿಯ ಮಗ ಶ್ರೀಶ ಮಾತ್ರ ಟ್ಯೂಷನ್ನಿಗೆ ಹೋಗಲಿಲ್ಲ. ಸಾಗರದ ಮಂಡಿಯೊಂದರಲ್ಲಿ ಅಡಿಕೆಯ ದರ್ಜೆ ಹೇಳುವ ಕೆಲಸ ಅವನದು. ಮೂಟೆಗೆ ಕೈಹಾಕಿ ಒಂದು ಅಡಿಕೆ ತೆಗೆದು ಕಚ್ಚುತ್ತಾನೆ, ಇದು ಹಳೆಯದು, ಇದು ಸರಿಯಾಗಿ ಒಣಗಿಲ್ಲ ಎನ್ನುತ್ತಾನೆ. ನಲವತ್ತರ ಹತ್ತಿರ ಬಂದಿದ್ದಾನೆ. ವಿನಯಾಳನ್ನು ಯಾವುದೋ ಮದುವೆ ಮನೆಯಲ್ಲಿ ಕಂಡು ಬಂದ ಮೇಲೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಮಾವ, ಇದೊಂದು ಆಗ್ದೇ ಹೋದ್ರೆ ಆನು ಮತ್ಯಾರನ್ನೂ ನೋಡ್ತ್ನಿಲ್ಲೆ" ಎಂದ. ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

ಹಾಗಾಗಿ ಹಿಮ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಐಸ್‌ಕ್ರೀಂ ಅಂಗಡಿಯವರು ವಿಷಯ ಕೇಳಿ ಫೋನ್ ಇಟ್ಟರು. ಕೊನೆಗೆ ಬೇಕಾದಷ್ಟು ಪುಡಿ ಮಂಜುಗಡ್ಡೆ ಕಂಡದ್ದು ಹೊನ್ನಾವರದಿಂದ ಘಟ್ಟ ಹತ್ತಿ ಬರುವ ಮೀನಿನ ಲಾರಿಯಲ್ಲಿ. ನನ್ನ ಅಕ್ಕನೋ, ಈರುಳ್ಳಿ ಹೆಚ್ಚಿದ ಚಾಕುವನ್ನು ಅಡುಗೆಮನೆಗೆ ಬಿಡದವಳು. ಬೇರೆ ದಾರಿ ಇರಲಿಲ್ಲ. ಲಾರಿ ಓಡಿಸುವ ವಾಸಪ್ಪ ಸಾಗರದಲ್ಲಿ ಮೀನು ಇಳಿಸಿದ ಮೇಲೆ ಉಳಿದ ಮಂಜನ್ನೆಲ್ಲ ಬೆಳಗಿನ ಜಾವವೇ ತರಿಸಿ, ಅಂಗಳದಿಂದ ರಸ್ತೆಗೆ ಇಳಿಯುವ ಇಳಿಜಾರಿನ ಮೇಲೆ ಸುರಿಸಿ ಹರಡಿಸಿದೆ. ಶಿವಮೊಗ್ಗದ ಐಸ್ ಫ್ಯಾಕ್ಟರಿಯದು ಎಂದು ಅಕ್ಕನಿಗೂ ಶ್ರೀಶನಿಗೂ ಹೇಳಿದೆ. ವಾಸನೆ ಮುಚ್ಚಲು ಸುತ್ತಲೂ ಊದುಬತ್ತಿ ಹಚ್ಚಿಟ್ಟೆ. ಹಿಮಕ್ಕೆ ಪೂಜೆ ಮಾಡಿದ್ದೇನೆಂದು ಪಕ್ಕದ ಮನೆಯವರು ಕೈಮುಗಿದು ಹೋದರು.

ಹತ್ತು ಗಂಟೆಗೆ ಹೆಣ್ಣಿನ ಕಡೆಯವರ ಜೀಪು ಬಂತು. ಮೇಲೆ ಮೂರು ಜೊತೆ ಸ್ಕೀ ಕಟ್ಟಿದ್ದರು. ತುಮರಿಯ ಸೇತುವೆಯ ಮೇಲೆ ಜನ ಅಡ್ಡಹಾಕಿ, ಇದು ಯಾವ ತಳಿಯ ಅಡಿಕೆಮರ ಸೀಳಿದ ದಬ್ಬೆ ಎಂದು ವಿಚಾರಿಸಿದರಂತೆ. ವಿನಯಾ ಶರಬತ್ತು ಕುಡಿದು, ಮೂರನ್ನೂ ಜಗಲಿಯ ಕಂಬಕ್ಕೆ ಒರಗಿಸಿದಳು. ಒಂದು ಅಗಲ, ಒಂದು ನಡುವಿನದು, ಒಂದು ಸಪೂರ. ಆರಿಸಿ, ಯಾಕೆಂದು ಹೇಳಿ ಎಂದಳು.

ಅಷ್ಟರಲ್ಲಿ ಬಿಸಿಲೇರಿ ಮಂಜಿನ ಮೇಲೆ ನೀರಾಡುತ್ತಿತ್ತು. ಕಣ್ಣಿದ್ದವರಿಗೆಲ್ಲ ಅದು ಕೆಸರು ಹಿಮವೇ. ನಾನು ಹಿಂದಿನಿಂದ ಶ್ರೀಶನ ಬೆನ್ನು ಚಿವುಟಿ, ಅಗಲದ್ದು ಎಂದು ಪಿಸುಗುಟ್ಟಿದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕುಕ್ಕರಗಾಲಲ್ಲಿ ಕೂತು, ಮಂಜಿನ ಅಡಿಗೆ ಕೈಹಾಕಿ, ಒಂದು ತುಂಡು ತೆಗೆದು, ಅಡಿಕೆ ಮಂಡಿಯಲ್ಲಿ ಮಾಡುವ ಹಾಗೆಯೇ ಬಾಯಿಗಿಟ್ಟು ಕಚ್ಚಿದ.

ಅವನ ದವಡೆ ಅಲ್ಲೇ ನಿಂತಿತು. ನನ್ನನ್ನು ನೋಡಿದ. ನಾನು ತೆಂಗಿನಮರ ನೋಡಿದೆ. ಆಮೇಲೆ ಬಾಗಿಲಲ್ಲಿ ನಿಂತಿದ್ದ ತಾಯಿಯನ್ನು ನೋಡಿದ. ಪಾಪ, ಅವನ ಪಾಡು ನನಗೆ ಅರ್ಥವಾಯಿತು. ಸರಿಯಾದ ಉತ್ತರಕ್ಕೆ ಕಾರಣ ಕೊಡಬೇಕು, ಕಾರಣ ಕೊಟ್ಟರೆ ತಾಯಿ ಆ ಮನೆಯಲ್ಲಿ ತೊಟ್ಟು ನೀರೂ ಕುಡಿಯಳು. ಕೊಡದಿದ್ದರೆ ಹುಡುಗಿ ಜೀಪು ಹತ್ತುತ್ತಾಳೆ.

"ಸಪೂರದ್ದು" ಎಂದ.

ಮೇಲೆ ಕೆಸರಾಗಿದೆಯಲ್ಲ ಎಂದು ವಿನಯಾ ಕೇಳಿದಳು.

"ಇದಕ್ಕೆ ಉಪ್ಪು ಬಿದ್ದಿದ್ದು. ಮೇಲಷ್ಟೇ ನೀರು, ಅಡಿಗೆ ಕಲ್ಲಾಗಿದ್ದು" ಎಂದು ಹೇಳಿ, "ಮೀನಿನ ಲಾರಿ ಮಂಜು ಇದು. ಬಂಗುಡೆ" ಎಂದ.

ಮೀನಿನಲ್ಲೂ ಬಂಗುಡೆಯೆಂದು ಇವನಿಗೆ ಹೇಗೆ ಗೊತ್ತಾಯಿತೆಂದು ನಾನು ಇವತ್ತಿಗೂ ಕೇಳಿಲ್ಲ.

ವಿನಯಾ ಹಿಮ್ಮಡಿಯಿಂದ ಗುದ್ದಿ ನೋಡಿದಳು, ಠಣ್ಣೆಂದಿತು. ಸಪೂರದ್ದನ್ನು ಕಟ್ಟಿಕೊಂಡು ಕರಕರ ಸದ್ದಿನೊಂದಿಗೆ ಇಳಿದೇಬಿಟ್ಟಳು. ಕೆಳಗೆ ತೀರ್ಥಹಳ್ಳಿ ಬಸ್ಸಿನವನು ಬ್ರೇಕ್ ಹಾಕಿ, ಯಾವೂರಿಗೆ ಎಂದು ಕೇಳಿದ. ಅವಳು ಅವನಿಗೆ ಕೈಬೀಸಿ, ಏದುಸಿರು ಬಿಡುತ್ತ ಮೇಲೆ ಬಂದು ಅಪ್ಪನ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. "ಬಾಯಿಪಾಠ ಹೇಳೋ ಜನ ರಾಶಿ ಸಿಕ್ಕಿದ್ದ. ಇವ್ನ ಮಾತು ನಂಬಿ ಗುಡ್ಡ ಇಳಿಲಕ್ಕು."

ಶ್ರೀಶನಿಗೆ ಅದು ಕೇಳಿಸಿರಲಿಲ್ಲ. ಅವನು ತಾಯಿಯ ಎದುರು ತಲೆ ತಗ್ಗಿಸಿ ನಿಂತಿದ್ದ. ತಪ್ಪೆಲ್ಲ ನನ್ನದು ಎನ್ನಲು ನಾನು ಓಡಿದೆ. ಅಕ್ಕ ನನ್ನ ಕಡೆ ತಿರುಗಲೂ ಇಲ್ಲ.

"ಬೆಳಗಾತಲೇ ವಾಸನೆ ಮೂಗಿಗೆ ಬಡದಿತ್ತು ಮಾಣಿ, ಆನೇ ಸುಮ್ನೆ ಇದ್ದಿ" ಎಂದು ಮಗನಿಗೆ ಹೇಳಿದಳು. "ತುಮರಿ ಕೂಸಿಗೆ ಒಪ್ಪಿಗೆ ಇದ್ದಾ ಇಲ್ಯಾ, ಅಷ್ಟು ಹೇಳು."