ಇಯನೆಟ ಅಳೆದ ಬಳ್ಳಿ

ಹನ್ನೊಂದು ಮಿಲಿಮೀಟರ್. ತಿಂಗಳು ತುಂಬುತ್ತಾ ಬಂದ ಬಸುರಿಯ ಹೊಕ್ಕುಳಬಳ್ಳಿಗೆ ಇಷ್ಟು ದಪ್ಪ ಸಾಲದು, ಹದಿಮೂರಾದರೂ ಇರಬೇಕು. ಫುವಾತಿನೊಳ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ನಾನು ಸ್ಕ್ಯಾನ್ ಪರದೆಯನ್ನು ಮತ್ತೆ ನೋಡಿದೆ.

"ಏನಾಯ್ತಕ್ಕ? ಮುಖ ಹಂಗ್ಯಾಕೆ ಮಾಡಿದ್ರಿ?"

"ನನ್ನ ಮುಖ ಇರೋದೇ ಹಂಗೆ. ನೀನು ಅಲ್ಲಾಡ್ಬೇಡ."

ಆದರೆ ಹೇಳದೆ ಮುಚ್ಚಿಡುವ ವಿಷಯವಲ್ಲ. ಬಳ್ಳಿ ಸಣ್ಣದಿದ್ದರೆ ಮಗುವಿಗೆ ಸರಿಯಾಗಿ ಪೋಷಣೆ ಸಿಗುತ್ತಿಲ್ಲವೇನೋ ಎಂಬ ಅನುಮಾನ ಬರುತ್ತದೆ. ಇಬ್ಬರು ಬೇರೆ ಬೇರೆಯಾಗಿ ಅಳೆದು, ಎರಡೂ ಕಡಿಮೆ ಬಂದರೆ ಮರುದಿನದ ಹಡಗಿಗೇ ಹತ್ತಿಸಿ ರಾಜಧಾನಿ ಆಪಿಯಾದ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂಬುದು ನಮ್ಮ ಡಾಕ್ಟರ ಆಜ್ಞೆ.

ಫುವಾತಿನೊ ಎದ್ದೇ ಕೂತಳು. "ನಾಳೆನಾ? ಈ ಭಾನುವಾರ ಮಕ್ಕಳ ಹಬ್ಬ ಅಲ್ವಾ! ನನ್ನ ಮಗಳು ಮೊದಲ್ನೇ ಸಲ ಚರ್ಚಲ್ಲಿ ನಿಂತು ಬೈಬಲ್ ವಚನ ಹೇಳ್ತಾಳೆ. ಎದುರಿಗೆ ನಾನು ಕೂತಿಲ್ಲ ಅಂದ್ರೆ ಬಾಯೇ ಬಿಡಲ್ಲ ಅವಳು."

"ಇರು, ಇಯನೆಟ ಅಳೀಲಿ."

ಇಯನೆಟ ನನ್ನ ಕೈಕೆಳಗೆ ಸ್ಕ್ಯಾನ್ ಕೆಲಸ ಕಲಿತ ಹುಡುಗಿ, ಚುರುಕು. ಬಂದಳು, ನನ್ನ ಅಂಕಿ ಇನ್ನೂ ಇದ್ದ ಪರದೆ ನೋಡಿ ಅಳೆದಳು, ನನ್ನ ಕಡೆ ಒಮ್ಮೆ ನೋಡಿದಳು. "ಹನ್ನೊಂದು, ಅಕ್ಕ."

ಅವಳ ಅಳತೆ ನನ್ನದಕ್ಕೆ ಯಾವಾಗಲೂ ತಾಳೆಯಾಗುತ್ತಿತ್ತು. ಕಲಿಸಿದ್ದು ಸಾರ್ಥಕವಾಯಿತೆಂದು ಹಿಗ್ಗಿದ್ದೆ ಕೂಡ. ಅಂದು ಮಾತ್ರ ಯಾಕೋ ಅನುಮಾನ ಬಂತು. ಒಂದೇ ಬಳ್ಳಿಯನ್ನು ನಾನೊಬ್ಬಳೇ ಎರಡು ಸಲ ಅಳೆದರೂ ಒಂದೇ ಲೆಕ್ಕ ಬರುವುದಿಲ್ಲ. ನಮ್ಮಿಬ್ಬರಿಗೂ ಪ್ರತಿಸಲ ಒಂದೇ ಬರುವುದೆಂದರೇನು?

ಮತ್ತೊಮ್ಮೆ ಹೊಟ್ಟೆಯ ಮೇಲೆ ಕೈಯಾಡಿಸಿ, ಏನನ್ನೂ ಅಳೆಯದೆ, ಗಟ್ಟಿಯಾಗಿ ಹೇಳಿದೆ. "ಅಯ್ಯೋ, ತಪ್ಪಾಯ್ತು. ಇದು ಮೂವತ್ತು! ನೀನೂ ನೋಡು."

ಇಯನೆಟ ಬಹಳ ಹೊತ್ತು ನೋಡಿದಳು. "ಹೌದಕ್ಕ. ಮೂವತ್ತೇ."

"ಮೂವತ್ತು ಅಂದ್ರೆ ಹಡಗು ಕಟ್ಟೋ ಹಗ್ಗ ಕಣೇ!"

ಫುವಾತಿನೊ ನಕ್ಕ ರಭಸಕ್ಕೆ ಪರದೆಯ ಮೇಲೆ ಮಗುವೂ ಕುಣಿಯಿತು. ಇಯನೆಟಳಿಗೆ ಮಾತ್ರ ಅಳು ಬಂತು. "ನೀವು ದೊಡ್ಡವರು. ನೀವೊಂದು ಹೇಳಿದ ಮೇಲೆ ನಾನು ಇನ್ನೊಂದು ಹೇಳೋದಾ? ನಮ್ಮಮ್ಮ ಕೇಳಿದ್ರೆ ಚರ್ಮ ಸುಲೀತಾಳೆ."

ಅವಳ ತಪ್ಪೇನು? ಈ ದ್ವೀಪದಲ್ಲಿ ಹುಟ್ಟಿದ ಯಾವ ಹುಡುಗಿ ತಾನೇ ಹೇಳಿಯಾಳು? ಅವಳ ವಯಸ್ಸಿನಲ್ಲಿ ನಾನೂ ಹೇಳುತ್ತಿರಲಿಲ್ಲ.

"ಹಂಗಾದ್ರೆ ನಾನು ಆಚೆ ಹೋಗ್ತೀನಿ," ಎಂದೆ. "ನೀನು ಮೊದಲು ಅಳಿ. ಮೂರು ಕಡೆ. ಬಂದಿದ್ದನ್ನ ಫುವಾತಿನೊ ಕಿವೀಲಿ ಮಾತ್ರ ಹೇಳು. ನನ್ನದಕ್ಕಿಂತ ಬೇರೆ ಬಂದ್ರೆ ಈ ಭಾನುವಾರ ನಮ್ಮನೇಲೇ ಊಟ."

ಹೊರಗೆ ಹಲಸಿನಂಥ ಕಾಯಿ ಬಿಡುವ ಬ್ರೆಡ್‌ಫ್ರೂಟ್ ಮರದ ಕೆಳಗೆ ನಿಂತು ಉಗುರು ಕಚ್ಚಿದೆ. ಬಳ್ಳಿ ನಿಜವಾಗಿಯೂ ಸಣ್ಣದಿದ್ದರೆ? ಹಬ್ಬದ ಆಸೆಗೆ ಕರಗಿ ನಾನೇ ದಪ್ಪ ಅಳತೆಯನ್ನು ಹುಡುಕುತ್ತಿದ್ದೇನೆಯೇ?

ಒಳಗೆ ಕರೆದರು. ನಾನೂ ಮೂರು ಕಡೆ ಅಳೆದೆ: ಹದಿನಾಲ್ಕು, ಹದಿನೈದು, ಹದಿನಾಲ್ಕು. ಮೊದಲು ಅಳೆದ ಜಾಗವನ್ನು ಹುಡುಕಿದರೆ, ಅಲ್ಲಿ ಮಗುವಿನ ಮಂಡಿ ಬಳ್ಳಿಯನ್ನು ಒತ್ತಿಕೊಂಡಿತ್ತು.

"ಇಯನೆಟ ಏನಂದ್ಲು?"

ಫುವಾತಿನೊ ಬೇಕೆಂದೇ ತಡಮಾಡಿದಳು. "ಹದಿನೈದು, ಹದಿಮೂರು, ಹದಿನಾಲ್ಕು. ಮಂಡಿ ಹತ್ರ ಅಳೀಬಾರ್ದಿತ್ತು ಅಂತಾನೂ ಅಂದ್ಲು."

"ಅಯ್ಯಯ್ಯೋ, ಅದನ್ನ ಹೇಳ್ಬೇಡ ಅಂದಿದ್ದೆ!" ಇಯನೆಟ ಮುಖ ಮುಚ್ಚಿಕೊಂಡಳು.

ಡಾಕ್ಟರು ತಾವೇ ಬಂದು ಮಗುವಿನ ಬೆಳವಣಿಗೆ, ರಕ್ತದ ಹರಿವು ಎಲ್ಲವನ್ನೂ ನೋಡಿದರು. ಹಡಗು ಬೇಡ, ಸೋಮವಾರ ಮತ್ತೆ ಬರಲಿ ಎಂದರು.

ಭಾನುವಾರ ಬಿಳಿ ಅಂಗಿಯ ಪುಟ್ಟ ಹುಡುಗಿ ಚರ್ಚಿನಲ್ಲಿ ನಿಂತು ಎರಡನೇ ಸಾಲಿಗೇ ತಡವರಿಸಿದಳು. ಎದುರಿಗಿದ್ದ ಫುವಾತಿನೊ ತುಟಿಯಾಡಿಸಿದಳು. ಆಮೇಲೆ ಹುಡುಗಿ ನಿಲ್ಲಿಸಿದ್ದೇ ಇಲ್ಲ. ಪಕ್ಕದ ಹುಡುಗನ ವಚನವನ್ನೂ ಸೇರಿಸಿ ಹೇಳಿಬಿಟ್ಟಳು.

ನಮ್ಮನೆಯಲ್ಲಿ ಮಕ್ಕಳಿಗೆಲ್ಲ ಬಡಿಸಿಯಾದ ಮೇಲೆ ದೊಡ್ಡವರು ಕೂತೆವು. ಕೆಸುವಿನ ಎಲೆಯಲ್ಲಿ ತೆಂಗಿನಹಾಲು ಕಟ್ಟಿ ಬೇಯಿಸುವುದರಲ್ಲಿ ನನ್ನ ಕೈ ಹೆಸರುವಾಸಿ. ಇಯನೆಟ ಒಂದು ತುತ್ತು ತಿಂದು ನನ್ನನ್ನೇ ನೋಡಿದಳು.

"ಅಕ್ಕ... ಉಪ್ಪು ಜಾಸ್ತಿ."

ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು. ನಾನು ಒಂದು ತುದಿಯಿಂದ ತಿಂದೆ, ನಡುವಿನಿಂದ ತಿಂದೆ, ಇನ್ನೊಂದು ತುದಿಯಿಂದಲೂ ತಿಂದು ನೋಡಿದೆ.

ಮೂರೂ ಕಡೆ ಜಾಸ್ತಿಯೇ ಇತ್ತು.